ಹಡಗಿನ ಬೀಜ

ನಾನು ಗೋಣಿಯ ಅಡಿಗೆ ಕೈ ಹಾಕಲಿಲ್ಲ. ಹಾಕಬೇಕಿತ್ತು. ಹಾಗೆ ಹಾಕಿ ನೋಡುವುದೇ ನನ್ನ ಕೆಲಸ; ನನಗೆ ಸಂಬಳ ಕೊಡುತ್ತಿದ್ದುದೂ ಅದಕ್ಕೇ. ಹಾಕದೆ, ಹಾಕಿದ್ದೇನೆ ಎಂದು ಹೇಳಿದೆ. ಆ ಒಂದು ಮಾತಿನಿಂದ ನನ್ನ ಅಕ್ಕ ಕಳ್ಳಿಯಾದಳು, ಬಹಳ ವರ್ಷ ಕಳ್ಳಿಯಾಗಿಯೇ ಉಳಿದಳು. ಅದೇ ವರ್ಷಗಳಲ್ಲಿ ನಾನು ಮದುವೆಯಾದೆ, ಮಕ್ಕಳ ತಂದೆಯಾದೆ, ಬಿಳಿ ಅಂಗಿ ಹಾಕಿಕೊಂಡು ಪುತ್ತೂರು ಪೇಟೆಯಲ್ಲಿ ಓಡಾಡಿದೆ.

ಬರೆಯುವುದು ನನಗೆ ಅಭ್ಯಾಸವಿಲ್ಲ. ಐದನೇ ಕ್ಲಾಸಿಗೆ ನನ್ನ ಓದು ಮುಗಿಯಿತು. ಆ ಐದು ಕ್ಲಾಸು ಓದಿಸಿದವಳೂ ಅಕ್ಕನೇ. ಅಪ್ಪ ಕಾಣಿಯೂರಿನ ಹತ್ತಿರ ಗೇಣಿಗೆ ಗದ್ದೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಗದ್ದೆ ಬೇರೆಯವರ ಪಾಲಾಯಿತು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಅಕ್ಕನಿಗೆ ಮದುವೆಯಾಗಿತ್ತು; ಕಾಫಿ ತೋಟದ ಕೆಲಸಕ್ಕೆಂದು ಸಂಪಾಜೆ ಘಾಟಿ ಹತ್ತಿದ ಭಾವ ಜ್ವರ ಬಂದು ಅಲ್ಲಿಯೇ ತೀರಿಕೊಂಡಿದ್ದರು. ಉಳಿದದ್ದು ನಾವಿಬ್ಬರು. ಪುತ್ತೂರಿನಲ್ಲಿ ಗೇರುಬೀಜದ ಫ್ಯಾಕ್ಟರಿ ಶುರುವಾಗಿದೆ, ಹೆಂಗಸರನ್ನು ತೆಗೆದುಕೊಳ್ಳುತ್ತಾರೆ ಎಂದು ಕೇಳಿ ಅಕ್ಕ ನನ್ನನ್ನೂ ಒಂದು ತಗಡಿನ ಪೆಟ್ಟಿಗೆಯನ್ನೂ ಬಸ್ಸಿಗೆ ಹತ್ತಿಸಿದಳು. ಆಗ ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು.

ಫ್ಯಾಕ್ಟರಿ ಎಂದರೆ ಪೇಟೆಯ ಹೊರಗೆ ಗುಡ್ಡ ಕಡಿದು ಕಟ್ಟಿದ ಹಂಚಿನ ಉದ್ದ ಮಾಡು. ಒಂದು ಕೊನೆಯಲ್ಲಿ ಬೀಜ ಹುರಿಯುವ ಒಲೆ. ಅದರ ಹೊಗೆ ಗಂಟಲಿಗೆ ಹತ್ತಿದರೆ ಊಟದ ಹೊತ್ತಿಗೂ ಇಳಿಯುತ್ತಿರಲಿಲ್ಲ. ಇನ್ನೊಂದು ಕಡೆ ಹೆಂಗಸರು ಸಾಲಾಗಿ ನೆಲದ ಮೇಲೆ ಕುಳಿತು, ಹುರಿದ ಬೀಜವನ್ನು ಕಲ್ಲಿನ ಮೇಲಿಟ್ಟು ಮರದ ಸಣ್ಣ ಕೊಡತಿಯಿಂದ ಹೊಡೆದು, ಒಳಗಿನ ತಿರುಳು, ಅಂದರೆ ಬೊಂಡು, ತುಂಡಾಗದ ಹಾಗೆ ತೆಗೆಯಬೇಕು. ಬೀಜದ ಸೊನೆ ತಾಗಿದರೆ ಚರ್ಮ ಸುಡುತ್ತದೆ. ಅದಕ್ಕಾಗಿ ಎದುರಿಗೆ ಬೂದಿ ಇಟ್ಟುಕೊಂಡು ಆಗಾಗ ಬೆರಳು ಅದ್ದುತ್ತಿದ್ದರು. ಎಷ್ಟು ಅದ್ದಿದರೂ ಕೈ ಕಪ್ಪಾಗುವುದು ತಪ್ಪುತ್ತಿರಲಿಲ್ಲ. ಬಸ್ಸಿನಲ್ಲಿ ಕೈ ನೋಡಿಯೇ ಇವಳು ಬೀಜದ ಫ್ಯಾಕ್ಟರಿಯವಳು ಎಂದು ಜನ ಸ್ವಲ್ಪ ಸರಿದು ಕೂರುತ್ತಿದ್ದರು. ಆ ಕೈಯಿಂದಲೇ ಅಕ್ಕ ನನಗೆ ಅನ್ನ ಬಡಿಸಿದ್ದು. ಇಡೀ ಬೊಂಡಿಗೆ ಒಂದು ಕೂಲಿ, ತುಂಡಿಗೆ ಅದಕ್ಕಿಂತ ಕಡಿಮೆ. ಅಕ್ಕನ ಮೊರದಲ್ಲಿ ತುಂಡು ಇರುವುದೇ ಅಪರೂಪ.

ಅವಳೇ ಧಣಿಗಳ ಹತ್ತಿರ ಹೇಳಿ ನನ್ನನ್ನು ಅಲ್ಲಿ ಸೇರಿಸಿದಳು. ಮೊದಲು ಮೂಟೆ ಹೊರುವ ಕೆಲಸ. ಮೀಸೆ ದಪ್ಪವಾಗುವ ಹೊತ್ತಿಗೆ ಬೀಜ ಪರೀಕ್ಷೆ ಮಾಡುವವನಾದೆ. ಬೇಸಗೆಯಲ್ಲಿ ಆಲಂಕಾರು, ಕಾಣಿಯೂರು, ಗುತ್ತಿಗಾರು ಕಡೆಯಿಂದ ಜನ ಗಾಡಿಯಲ್ಲಿ, ತಲೆಯ ಮೇಲೆ ಬೀಜ ತರುತ್ತಿದ್ದರು. ತೂಕ ಬರಲೆಂದು ನೀರು ಚಿಮುಕಿಸಿ ತರುವವರಿದ್ದರು. ಹಿಂದಿನ ವರ್ಷದ ಬೀಜವನ್ನು ಅಡಿಗೆ ಹಾಕಿ, ಹೊಸತನ್ನು ಮೇಲೆ ಹರಡಿ ತರುವವರಿದ್ದರು. ನಾನು ಅಂಗಿಯ ತೋಳು ಮಡಚಿ ಗೋಣಿಯೊಳಗೆ ಮೊಣಕೈ ಮುಳುಗುವವರೆಗೆ ಕೈ ಇಳಿಸಿ, ಅಡಿಯಿಂದ ಒಂದು ಹಿಡಿ ತೆಗೆದು, ಅಡಕತ್ತರಿಯಲ್ಲಿ ಕತ್ತರಿಸಿ ನೋಡುತ್ತಿದ್ದೆ. ಅನುಮಾನ ಬಂದರೆ ಬಕೆಟ್ಟಿನ ನೀರಿಗೆ ಹಾಕಿ ಎಷ್ಟು ಪೊಳ್ಳು ಬೀಜ ತೇಲುತ್ತದೆ ಎಂದು ನೋಡುತ್ತಿದ್ದೆ. ನನಗೆ ಹೆಣ್ಣು ಹುಡುಕುತ್ತಿದ್ದ ಕಾಲದಲ್ಲಿ ಫ್ಯಾಕ್ಟರಿಯ ಹೆಂಗಸರು ಅಕ್ಕನನ್ನು ತಮಾಷೆ ಮಾಡುತ್ತಿದ್ದರು: "ನಿನ್ನ ತಮ್ಮ ಹೆಣ್ಣು ನೋಡ್ಲಿಕ್ಕೆ ಹೋಗುವಾಗ ಬಕೆಟ್ಟು ತಕೊಂಡು ಹೋಗ್ತಾನಾ ಹೇಗೆ?"

ಸೊಪ್ಪು ಸೌದೆ ಮಾರಿ ಬದುಕುವ ಮುದುಕಿ ತಂದ ಸಣ್ಣ ಚೀಲಕ್ಕೂ ನಾನು ಹಾಗೆಯೇ ಕೈ ಹಾಕುತ್ತಿದ್ದೆ. ಊರಿನವರು ಎಂದರೆ ಮೋಸ ಮಾಡುವವರೇ ಎಂದು ನನ್ನ ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಮಳೆ ಹಿಡಿಯುವ ಹೊತ್ತಿಗೆ ಊರಿನ ಬೀಜ ಮುಗಿಯುತ್ತಿತ್ತು. ಆಮೇಲೆ ಫ್ಯಾಕ್ಟರಿ ಬಂದ್, ಹೆಂಗಸರು ಮನೆಗೆ. ವರ್ಷವಿಡೀ ಕೆಲಸ ನಡೆಯಬೇಕೆಂದು ಧಣಿಗಳು ಆಫ್ರಿಕದಿಂದ ಬೀಜ ತರಿಸಲು ತೊಡಗಿದರು. ಹಡಗಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಪಾಣೆಮಂಗಳೂರು ಸೇತುವೆ ದಾಟಿ ಪುತ್ತೂರಿಗೆ ಬರುತ್ತಿದ್ದ ಅದನ್ನು ನಾವು ಹಡಗಿನ ಬೀಜ ಎನ್ನುತ್ತಿದ್ದೆವು. ಅಲ್ಲಿಯ ಬೀಜ ಇಲ್ಲಿಗೆ ಬಂದು, ಇಲ್ಲಿಯ ಬೊಂಡು ಡಬ್ಬಿಯಲ್ಲಿ ಅಮೇರಿಕಕ್ಕೆ ಹೋಗುತ್ತಿತ್ತು. ಇಲ್ಲಿ ಉಳಿಯುತ್ತಿದ್ದುದು ಹೊಗೆ, ಸೊನೆ ಮತ್ತು ಕೂಲಿ. ಆದರೆ ಆ ಕೂಲಿಯನ್ನು ನಾನು ಹಗುರಾಗಿ ಹೇಳಲಾರೆ. ಕೂಲಿಯಿಲ್ಲದ ಮಳೆಗಾಲದ ಆಟಿ ತಿಂಗಳಿನಲ್ಲಿಯೂ ನಮ್ಮ ಒಲೆ ಉರಿದದ್ದು ಹಡಗಿನ ಬೀಜದಿಂದ.

ಒಂದೆರಡು ವರ್ಷ ಹೀಗೆ ಚೆನ್ನಾಗಿ ಹೋಯಿತು. ಆಮೇಲೆ ಪ್ರತಿ ಹಡಗಿಗೂ ಧಣಿಗಳ ಮುಖ ಗಟ್ಟಿಯಾಗುತ್ತ ಬಂತು. ಬೀಜದ ಕ್ರಯ ಏರಿತು, ಹಡಗಿನ ಬಾಡಿಗೆ ಏರಿತು, ಬಂದರಿನ ಖರ್ಚು ಏರಿತು. ಅವರು ಅದನ್ನು ಹಡಗಿನವರ ಹತ್ತಿರ ಕೇಳುವಂತಿರಲಿಲ್ಲ, ಆದ್ದರಿಂದ ನಮ್ಮ ಹತ್ತಿರ ಕೇಳಿದರು. ಇಂತಿಷ್ಟು ಬೀಜಕ್ಕೆ ಇಂತಿಷ್ಟು ಬೊಂಡು ಬರಲೇಬೇಕು ಎಂದು ಕಟ್ಟು ಮಾಡಿದರು. ಹೊರಗೆ ಬೆಲೆ ಏರಿದಷ್ಟೂ, ಬೊಂಡು ಕದ್ದು ಒಯ್ಯುತ್ತಾರೆಂದು ಗೇಟಿನಲ್ಲಿ ಹೆಂಗಸರ ಸೆರಗು ಕೊಡವಿಸುವುದು ಬಿಗಿಯಾಯಿತು. ಅದಕ್ಕೆಂದೇ ಮೇಸ್ತ್ರಿ ಹೆಂಗಸೊಬ್ಬಳನ್ನು ಇಟ್ಟರು. ಅವಳು ಸಂಜೆ ಒಬ್ಬೊಬ್ಬರ ಸೊಂಟ, ತುರುಬು ತಡವಿ ನೋಡಿ ಹೊರಗೆ ಬಿಡುತ್ತಿದ್ದಳು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಬಂದ ಮಾಲು ನೋಡಲು ಧಣಿಗಳು ನನ್ನನ್ನು ಮೊದಲ ಬಾರಿಗೆ ಮಂಗಳೂರಿಗೆ ಕಳುಹಿಸಿದರು. ಅಲ್ಲಿಯೇ ನೋಡಿ ಸರಿಯಿಲ್ಲದಿದ್ದರೆ ಬೇಡವೆನ್ನಬಹುದು, ಪುತ್ತೂರಿಗೆ ಬಂದ ಮೇಲೆ ಹಿಂದೆ ಹೋಗುವುದಿಲ್ಲ ಎಂದು ಅವರು ಎರಡೆರಡು ಸಲ ಹೇಳಿದ್ದರು.

ನಾನು ಬಂದರು ನೋಡಿದ್ದೂ ಅದೇ ಮೊದಲು. ಹಡಗು ದೂರ ಸಮುದ್ರದಲ್ಲಿ ನಿಂತಿತ್ತು. ಮಾಲು ಮಂಜಿ ದೋಣಿಗಳಲ್ಲಿ ದಡದ ದಕ್ಕೆಗೆ ಬಂದು, ಗೋದಾಮಿನಲ್ಲಿ ಮಾಡಿನವರೆಗೆ ಅಟ್ಟಿಯಾಗಿತ್ತು. ಕಸ್ಟಂಸಿನವರು ಬಂದು ಗೋಣಿ ಎಣಿಸಿ, ಅಲ್ಲೊಂದು ಇಲ್ಲೊಂದಕ್ಕೆ ಕಬ್ಬಿಣದ ಸರಳು ಚುಚ್ಚಿ, ಒಳಗೆ ಬೇರೆ ಏನೂ ಅಡಗಿಸಿಲ್ಲವೆಂದು ನೋಡಿ ಹೋದರು. ಅವರು ನೋಡುವುದು ಕಳ್ಳಮಾಲು ಉಂಟೋ ಎಂದು. ಬೀಜ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಬೇಕಾದವನು ನಾನು. ಪ್ರತಿ ಗೋಣಿಯ ಬಾಯಿಗೂ ಸೀಸದ ಮುದ್ರೆ, ಮೈಮೇಲೆ ಕಪ್ಪು ಶಾಯಿಯ ಇಂಗ್ಲಿಷು ಅಕ್ಷರ. ಮಾಲು ತರಿಸಿಕೊಟ್ಟ ಏಜೆಂಟರ ಗುಮಾಸ್ತ, ಪ್ಯಾಂಟು ಹಾಕಿದವನು, ನನ್ನನ್ನು ಸಾರ್ ಎಂದು ಕರೆದ. ನನ್ನ ಜನ್ಮದಲ್ಲಿ ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಇದೆಲ್ಲ ಅಲ್ಲಿಯೇ ದೊಡ್ಡ ದೊಡ್ಡವರು ಪರೀಕ್ಷೆ ಮಾಡಿ ಮುದ್ರೆ ಹಾಕಿದ ಮಾಲು ಸಾರ್, ಎಂದ.

ನಾನು ಎದುರು ಸಾಲಿನ ಕೆಲವು ಗೋಣಿ ಬಿಚ್ಚಿಸಿದೆ. ಬಾಯಿಯಿಂದ ಒಂದೊಂದು ಹಿಡಿ ತೆಗೆದು ಕತ್ತರಿಸಿದೆ. ಬೆಳ್ಳಗೆ ತುಂಬಿದ ಬೊಂಡು. ಇನ್ನು ಒಳಗಿನ ಅಟ್ಟಿ ಇಳಿಸಲು ಹೇಳಬೇಕು, ತೋಳು ಮಡಚಿ ಅಡಿಯವರೆಗೆ ಕೈ ಹಾಕಬೇಕು. ಮೂಟೆ ಹೊರುವವರು ಬೆವರು ಒರೆಸಿಕೊಳ್ಳುತ್ತ ನನ್ನ ಮುಖ ನೋಡುತ್ತ ನಿಂತಿದ್ದರು. ನಾಚಿಕೆಯಾಯಿತು. ಸಮುದ್ರ ದಾಟಿ ಬಂದ, ಮುದ್ರೆ ಒತ್ತಿದ ಮಾಲಿಗೆ ಮುದುಕಿಯ ಚೀಲಕ್ಕೆ ಹಾಕಿದ ಹಾಗೆ ಕೈ ಹಾಕಿದರೆ ಇವರೆಲ್ಲ ನನ್ನನ್ನು ಹಳ್ಳಿಯವನು ಎಂದುಕೊಳ್ಳುತ್ತಾರೆ ಎಂದು ಅನಿಸಿತು. ಹೊಸ ಅಂಗಿಯ ತೋಳು ಮಡಚಲಿಲ್ಲ. ಸರಿ ಉಂಟು, ತುಂಬಿಸಿ, ಎಂದೆ.

ಒಳಗಿನ ಗೋಣಿಗಳಿಗೆ ದಾರಿಯಲ್ಲೆಲ್ಲೋ ಸಮುದ್ರದ ನೀರು ಹೊಕ್ಕಿತ್ತು. ಮೇಲೆ ಒಣಗಿತ್ತು, ಅಡಿಯಲ್ಲಿ ಇಲ್ಲ. ಆ ಬೀಜ ಹುರಿದು ಹೆಂಗಸರ ಮುಂದೆ ಬಿದ್ದಾಗ, ಹೊಡೆದರೆ ಬೊಂಡು ಹಳದಿ ಹಿಟ್ಟಾಗಿ ಉದುರುತ್ತಿತ್ತು. ಕೆಲವು ಒಳಗೇ ಕಪ್ಪಾಗಿದ್ದವು. ಸಂಜೆ ತೂಗುವಾಗ ಎಲ್ಲರದ್ದೂ ಕಡಿಮೆ. ಬೇರೆಯವರು ಬಾಯಿ ಮುಚ್ಚಿಕೊಂಡು ಬೈಸಿಕೊಂಡರು. ಅಕ್ಕ ಎದ್ದು ಹೋಗಿ, ಬೀಜವೇ ಹಾಳಾಗಿದೆ ಎಂದು ಧಣಿಗಳಿಗೆ ಎಲ್ಲರ ಎದುರು ಹೇಳಿದಳು. ಅವಳು ಅತಿ ಹೆಚ್ಚು ಬೀಜ ಒಡೆಯುವವಳಾದ್ದರಿಂದ ಅವಳಿಗೆ ಕೊಟ್ಟದ್ದೂ ಹೆಚ್ಚು, ಕೊರತೆ ಬಿದ್ದದ್ದೂ ಹೆಚ್ಚು.

ಧಣಿಗಳು ನನ್ನನ್ನು ಕರೆಸಿದರು. "ಅಡಿವರೆಗೆ ನೋಡಿದ್ದೀಯಲ್ಲ?" ಎಂದು ಕೇಳಿದರು.

ಅಕ್ಕ ನನ್ನ ಪಕ್ಕದಲ್ಲಿಯೇ ನಿಂತಿದ್ದಳು. ಅವಳ ಕೈಯ ಬೂದಿಯ ವಾಸನೆ ಬರುತ್ತಿತ್ತು. ಇಲ್ಲ ಎಂದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ, ಅವಳೇ ಓಡಾಡಿ ಗೊತ್ತು ಮಾಡಿದ ನನ್ನ ಮದುವೆ ನಿಲ್ಲುತ್ತದೆ. ಇದು ಆಮೇಲೆ ನಾನು ಜೋಡಿಸಿಕೊಂಡ ಲೆಕ್ಕ. ಆ ಕ್ಷಣದಲ್ಲಿ ಇದ್ದದ್ದು ಬರೀ ಹೆದರಿಕೆ. "ನೋಡಿದ್ದೇನೆ. ಸರಿ ಇತ್ತು," ಎಂದೆ.

ಬೀಜ ಸರಿಯಿದ್ದರೆ ಬೊಂಡು ಎಲ್ಲಿ ಹೋಯಿತು? ಮುಂದಿನದಕ್ಕೆ ಯಾರೂ ಹೆಚ್ಚು ಯೋಚನೆ ಮಾಡಬೇಕಾಗಲಿಲ್ಲ. ಮೇಸ್ತ್ರಿ ಹೆಂಗಸು ಅಕ್ಕನನ್ನು ಗೇಟಿನ ಹತ್ತಿರ ನಿಲ್ಲಿಸಿ, ಎಲ್ಲರೂ ನೋಡುತ್ತಿದ್ದ ಹಾಗೆ ಸೆರಗು ಬಿಡಿಸಿದಳು. ತುರುಬು ಬಿಚ್ಚಿಸಿದಳು. ಸೊಂಟದ ಹತ್ತಿರ ಸೀರೆಯ ಮಡಿಕೆಯಲ್ಲಿ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಕಪ್ಪು ಹಿಡಿದ ಕೆಲವು ಬೊಂಡು, ಸ್ವಲ್ಪ ಹಳದಿ ಪುಡಿ.

"ಅದು ಇವನಿಗೆ ತೋರಿಸ್ಲಿಕ್ಕೆ ಕಟ್ಟಿದ್ದು," ಎಂದು ಅಕ್ಕ ನನ್ನ ಕಡೆ ಕೈ ತೋರಿಸಿದಳು.

"ಹಾಳಾದ್ದನ್ನು ಇಲ್ಲಿ ತೋರಿಸುದು, ಒಳ್ಳೆಯದನ್ನು ಹೊರಗೆ ದಾಟಿಸುದು. ಇಂಥವರನ್ನು ನಾನು ಎಷ್ಟು ಕಂಡಿದ್ದೇನೆ," ಎಂದಳು ಮೇಸ್ತ್ರಿ ಹೆಂಗಸು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ನೆಲದ ಮೇಲೆ ಬಿದ್ದ ಆ ಹಳದಿ ಪುಡಿಯನ್ನು ನೋಡುತ್ತ ನಿಂತೆ. ಕಳ್ಳತನ ಮಾಡಿದವಳೆಂದು ಅಕ್ಕನನ್ನು ಆವತ್ತೇ ಕೆಲಸದಿಂದ ಬಿಡಿಸಿದರು.

ಮನೆಗೆ ಬಂದ ಮೇಲೆ ಅವಳು ಅಳಲಿಲ್ಲ. ಗಂಜಿ ಬಸಿದು, ನನಗೆ ಬಡಿಸಿ, ನಾನು ಉಂಡು ಮುಗಿಸಿದ ಮೇಲೆ ಕೇಳಿದಳು.

"ನೀನು ಅಡಿಗೆ ಕೈ ಹಾಕಿದ್ದೆಯಾ?"

"ಹಾಕಿದ್ದೆ."

"ಹಾಗಾದ್ರೆ ನಾನು ಕದ್ದದ್ದು," ಎಂದಳು ಅಕ್ಕ. ಬೆಳಿಗ್ಗೆ ಎದ್ದು ನೋಡುವಾಗ ತಗಡಿನ ಪೆಟ್ಟಿಗೆ ಇರಲಿಲ್ಲ, ಅವಳ ಕೊಡತಿಯೂ ಇರಲಿಲ್ಲ. ಆಲಂಕಾರಿನಲ್ಲಿ ದೂರದ ಸಂಬಂಧದ ದೊಡ್ಡಮ್ಮನ ಮನೆಗೆ ಹೋದಳೆಂದು ಆಮೇಲೆ ಗೊತ್ತಾಯಿತು.

ಆ ಮಾಲಿನ ಉಳಿದ ಗೋಣಿಗಳೂ ಒಂದೊಂದಾಗಿ ಬಿಚ್ಚಿದಾಗ ಬೀಜವೇ ಹಾಳೆಂದು ಧಣಿಗಳಿಗೇ ತಿಳಿಯಿತು. ನಾನು ಮುಗಿದೆ ಎಂದುಕೊಂಡೆ. ಅವರು ನನ್ನನ್ನು ಬೈಯಲೂ ಇಲ್ಲ. ಸಮುದ್ರದ ನೀರು, ಯಾರೇನು ಮಾಡುವುದು ಎಂದರು. ಏಜೆಂಟರಿಗೆ ಕಾಗದ ಬರೆಸಿದರು. ಮುಂದಿನ ಸಲ ಸರಿಯಾಗಿ ನೋಡು ಎಂದರು. ನಿಜ ಹೇಳಿದ್ದರೂ ನನಗೆ ಏನೂ ಆಗುತ್ತಿರಲಿಲ್ಲ. ಇದನ್ನು ನೆನೆದರೆ ಈಗಲೂ ಬಾಯಿಯಲ್ಲಿ ಸೊನೆ ತಾಗಿದ ಹಾಗಾಗುತ್ತದೆ. ಕೆಲಸ ಉಳಿಸಿಕೊಳ್ಳಲು ಅಕ್ಕನನ್ನು ಬಲಿ ಕೊಟ್ಟೆ, ಆ ಬಲಿ ಬೇಕಾಗಿಯೇ ಇರಲಿಲ್ಲ. ಆದರೂ ಆ ಹೆಂಗಸು ಕದ್ದಿಲ್ಲ, ವಾಪಸು ಕರೆಯಿರಿ ಎಂದು ಧಣಿಗಳು ಹೇಳಲಿಲ್ಲ; ಕಳ್ಳಿ ಎಂಬ ಮಾತು ಹಾಗೆಯೇ ನಿಂತಿತು. ನಾನು ನೆನಪಿಸಲಿಲ್ಲ. ನನ್ನ ಮದುವೆಗೆ ಅಕ್ಕನಿಗೆ ಹೇಳಿಕೆ ಕಳುಹಿಸಿದೆ. ಅವಳು ಬರಲಿಲ್ಲ. ಬಾರದಿದ್ದದ್ದಕ್ಕೆ ಜನರೆದುರು ನಾನು ಬೇಸರ ಮಾಡಿಕೊಂಡವನ ಹಾಗೆ ಮುಖ ಮಾಡಿದೆ.

ವರ್ಷಗಳು ಹೋದವು. ಹಡಗಿನ ಬೀಜ ತುಟ್ಟಿಯಾಗುತ್ತಲೇ ಹೋಯಿತು. ಆಫ್ರಿಕದವರು ಅಲ್ಲಿಯೇ ಫ್ಯಾಕ್ಟರಿ ಹಾಕುತ್ತಿದ್ದಾರಂತೆ, ಇನ್ನು ನಮಗೆ ಬೀಜ ಕೊಡುವುದಿಲ್ಲವಂತೆ ಎಂದು ಮಾತು ಬಂತು. ಸರಕಾರ ರೂಪಾಯಿಯ ಬೆಲೆ ಇಳಿಸಿದಾಗ ಹಡಗಿನ ಬೀಜ ಕೈಗೆ ಎಟುಕದಾಯಿತು, ಧಣಿಗಳು ಒಲೆ ಆರಿಸಿ ಫ್ಯಾಕ್ಟರಿ ಮುಚ್ಚಿದರು. ಹೆಂಗಸರು ಬೀಡಿ ಕಟ್ಟಲು ಹೋದರು, ಕೆಲವರು ಘಟ್ಟ ಹತ್ತಿದರು. ಕಪ್ಪು ಕೈಯವರಿಗೆ ಮನೆಕೆಲಸ ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ನಾನು ಒಂದು ಅಂಗಡಿಯಲ್ಲಿ ಅಡಿಕೆ ಆರಿಸಲು ಕುಳಿತೆ.

ಅಷ್ಟರಲ್ಲಿ ನಮ್ಮ ಕಡೆಯ ಬೋಳುಗುಡ್ಡಗಳಲ್ಲಿ ನೆಟ್ಟಿದ್ದ ಗೇರು ಫಲ ಕೊಡಲು ಶುರುವಾಗಿತ್ತು. ಊರಿನ ಬೀಜದಿಂದಲೇ ಫ್ಯಾಕ್ಟರಿ ಮತ್ತೆ ನಡೆಸುತ್ತೇನೆಂದು ಧಣಿಗಳು ಹೊರಟರು. ಬಾಗಿಲು ತೆರೆದ ದಿನ ಮಾವಿನೆಲೆಯ ತೋರಣ ಕಟ್ಟಿ, ದೊಡ್ಡವರೊಬ್ಬರನ್ನು ಕರೆಸಿ ಭಾಷಣ ಮಾಡಿಸಿದರು. ನಮ್ಮ ಮಣ್ಣಿನ ಬೀಜ, ನಮ್ಮ ಹೆಂಗಸರ ಕೈಗೆ ಕೆಲಸ, ಇನ್ನು ಹಡಗಿನ ದಾರಿ ಕಾಯುವುದಿಲ್ಲ ಎಂದು ಅವರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹಳೆಯ ಕೆಲಸದವರನ್ನು ಮನೆಮನೆಗೆ ಹೋಗಿ ಕರೆದುಕೊಂಡು ಬರುವ ಕೆಲಸ ನನಗೇ ಬಂತು. ಕಾಣಿಯೂರಿಗೆ ಹೋದೆ, ಸುಳ್ಯದ ಕಡೆಗೂ ಹೋಗಿ ಗುತ್ತಿಗಾರಿನವರೆಗೆ ನಡೆದೆ. ಹೋದಲ್ಲೆಲ್ಲ, ನಿನ್ನ ಅಕ್ಕ ಬರ್ತಾಳಾ ಎಂದು ಕೇಳಿದರು. ನೋಡುವ ಎಂದೆ. ಆಲಂಕಾರಿಗೆ ಮಾತ್ರ ಹೋಗಲಿಲ್ಲ. ಒಂದು ಮಾತು ಹೇಳಿದ್ದರೆ ಅವಳ ಜಾಗ ಅವಳಿಗೆ ಸಿಗುತ್ತಿತ್ತು, ಆದರೆ ಆ ಮಾತು ಹೇಳಿದರೆ ಹಳೆಯ ಗೋಣಿಯನ್ನೂ ಬಿಚ್ಚಬೇಕಾಗುತ್ತಿತ್ತು. ಎರಡನೇ ಸಲವೂ ನಾನು ಬಿಚ್ಚಲಿಲ್ಲ.

ಮರುವರ್ಷ ಬೇಸಗೆಯಲ್ಲಿ ಬೀಜ ಖರೀದಿಗೆ ಧಣಿಗಳು ನನ್ನನ್ನು ಆಲಂಕಾರಿಗೇ ಕಳುಹಿಸಿದರು. ಜೊತೆಗೆ, ಈಗ ಸ್ವಲ್ಪ ಮುದುಕಿಯಾಗಿದ್ದ ಅದೇ ಮೇಸ್ತ್ರಿ ಹೆಂಗಸು. ಒಂದು ಅಂಗಡಿಯ ಜಗಲಿಯಲ್ಲಿ ತಕ್ಕಡಿ ನೇತುಹಾಕಿದೆವು. ಜನ ಗೋಣಿ ಇಳಿಸಿಕೊಂಡು ಅಂಗಳದವರೆಗೆ ನಿಂತರು. ನಾನು ತೋಳು ಮಡಚಿಕೊಂಡು ಕೈ ಹಾಕುತ್ತ, ಅಡಕತ್ತರಿಯಲ್ಲಿ ಕತ್ತರಿಸುತ್ತ, ತಲೆ ಎತ್ತದೆ ಕೆಲಸ ಮಾಡುತ್ತಿದ್ದೆ. ನನ್ನ ಎದುರಿಗೆ ಇಳಿಸಿದ ಒಂದು ಗೋಣಿಯ ಬಾಯಿಯನ್ನು ಎರಡು ಕಪ್ಪು ಕೈಗಳು ಬಿಚ್ಚಿದವು. ಬೀಜದ ಫ್ಯಾಕ್ಟರಿ ಬಿಟ್ಟವರ ಕೈ ಒಂದೆರಡು ವರ್ಷದಲ್ಲಿ ಬೆಳ್ಳಗಾಗುತ್ತದೆ. ಇವು ಹೊಸ ಕಪ್ಪು. ಆಲಂಕಾರಿನಲ್ಲಿ ಮನೆಮನೆಗೆ ಬೇಕಾದ ಬೀಜ ಸುಟ್ಟು ಒಡೆದುಕೊಡುವ ಹೆಂಗಸು ಒಬ್ಬಳಿದ್ದಾಳೆ ಎಂದು ಕೇಳಿದ್ದೆ. ಯಾರೆಂದು ಕೇಳಿರಲಿಲ್ಲ.

"ನೋಡಿ, ಮಾರಾಯ್ರೆ. ಅಡಿವರೆಗೆ ನೋಡಿ," ಎಂದಳು ಅಕ್ಕ.

ಹೆಗಲ ಮೇಲೆ ಹೊತ್ತು ಕಾಣಿಯೂರಿನ ಹೊಳೆ ದಾಟಿಸಿದವಳು ನನ್ನನ್ನು ನೀವು ಎಂದು ಕರೆದಳು.

"ಅವಳದ್ದು ಸ್ವಲ್ಪ ಸರಿಯಾಗಿ ನೋಡಿಕೊಳ್ಳಿ," ಎಂದು ಮೇಸ್ತ್ರಿ ಹೆಂಗಸು ಹಿಂದಿನಿಂದ ಹೇಳಿದಳು. ಅಂಗಳದಲ್ಲಿ ಯಾರೋ ನಕ್ಕರು. ಇಲ್ಲಿಯೂ ಆ ಸುದ್ದಿ ಬಂದು ತಲುಪಿತ್ತು, ಅವಳು ಇಷ್ಟು ವರ್ಷ ಆ ನಗುವಿನ ನಡುವೆಯೇ ಬೀಜ ಒಡೆದಿದ್ದಳು ಎಂದು ನನಗೆ ಗೊತ್ತಾದದ್ದು ಆಗ.

ನಾನು ಕೈ ಹಾಕಿದೆ. ಮೊಣಕೈ ಮುಳುಗಿತು, ಇನ್ನೂ ಇಳಿಸಿದೆ, ಭುಜದವರೆಗೆ. ಗೋಣಿಯ ನಾರು ಕೆನ್ನೆಗೆ ತಾಗಿತು. ಅಡಿಯ ಬೀಜ ತೆಗೆದು ಕತ್ತರಿಸಿದೆ. ಮೇಲಿನದಕ್ಕಿಂತ ಅಡಿಯದ್ದೇ ದಪ್ಪವಿತ್ತು, ಬೆಳ್ಳಗಿತ್ತು. ಅವಳು ಒಳ್ಳೆಯದನ್ನು ಕೆಳಗೆ ಹಾಕಿ ತಂದಿದ್ದಳು. ನನ್ನ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡಲಿಕ್ಕೋ ಏನೋ.

ನಾನು ಎದ್ದು ನಿಂತೆ. ಅಂಗಳದವರಿಗೆ ಕೇಳುವ ಹಾಗೆ ಹೇಳಿದೆ. ಆವತ್ತು ಹಾಳಾಗಿದ್ದದ್ದು ಹಡಗಿನ ಬೀಜ. ಬಂದರಿನಲ್ಲಿ ನಾನು ಅಡಿಗೆ ಕೈ ಹಾಕಿರಲಿಲ್ಲ. ಹಾಕಿದ್ದೇನೆಂದು ಧಣಿಗಳಿಗೆ ಸುಳ್ಳು ಹೇಳಿದೆ. ಇವಳು ಕದ್ದಿಲ್ಲ, ಒಂದು ಬೊಂಡೂ ಕದ್ದಿಲ್ಲ. ಯಾರೂ ನಗಲಿಲ್ಲ. ಮೇಸ್ತ್ರಿ ಹೆಂಗಸು, ಹಾಗಾದ್ರೆ ನಾಳೆಯಿಂದ ಕೆಲಸಕ್ಕೆ ಬರ್ಲಿ, ಧಣಿಗಳಿಗೆ ನಾನು ಹೇಳ್ತೇನೆ, ಎಂದಳು.

ಅಕ್ಕ ತನ್ನ ಎರಡು ಕೈಗಳನ್ನೂ ಅವಳ ಮುಂದೆ ಚಾಚಿದಳು. ಬೆರಳುಗಳು ಕೊಡತಿ ಹಿಡಿದ ಆಕಾರದಲ್ಲಿಯೇ ಬಗ್ಗಿದ್ದವು, ಪೂರ್ತಿ ಬಿಡಿಸಲು ಬರುತ್ತಿರಲಿಲ್ಲ. ಈ ಕೈಯಲ್ಲಿ ದಿನಕ್ಕೆ ಒಂದು ಮನೆಯ ಬೀಜ ಒಡೆಯುವುದೇ ಕಷ್ಟ, ಅಲ್ಲಿ ಬಂದು ಸಾಲಿನಲ್ಲಿ ಕೂತು ಯಾರ ಲೆಕ್ಕ ತುಂಬಿಸಲಿ ಎಂದು ಕೇಳಿದಳು. ಕರೆಯುವ ಕಾಲದಲ್ಲಿ ಯಾರೂ ಕರೆಯಲಿಲ್ಲ ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಬಿಸಿಲು ಏರುತ್ತಿದೆ, ಬೇಗ ತೂಗಬೇಕು ಎನ್ನುವವರ ದನಿ. ನಾನು ತೂಗಿದೆ. ಅವಳು ಖಾಲಿ ಗೋಣಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಜಗಲಿ ಇಳಿದವಳು ತಿರುಗಿ ನಿಂತಳು.

"ಇಷ್ಟು ಹೊತ್ತು ನೀನು ಅವರಿಗೆ ಹೇಳಿದ್ದು," ಎಂದಳು. "ನನಗೆ ಎಂತದೂ ಹೇಳಲಿಲ್ಲ."

ನಾನು ತಕ್ಕಡಿ ಬಿಟ್ಟು ಅಂಗಳಕ್ಕೆ ಇಳಿದೆ. ಅವಳ ಬಗ್ಗಿದ ಬೆರಳುಗಳನ್ನು ನನ್ನ ಎರಡು ಕೈಗಳಲ್ಲಿ ಹಿಡಿದುಕೊಂಡೆ.

"ಅಕ್ಕ, ನಾನು ಅಡಿಗೆ ಕೈ ಹಾಕಲಿಲ್ಲ. ನಿನ್ನನ್ನು ಗೇಟಿನಲ್ಲಿ ನಿಲ್ಲಿಸಿದಾಗ ಬಾಯಿ ಬಿಡಲಿಲ್ಲ. ಕರೀಲಿಕ್ಕೂ ಬರಲಿಲ್ಲ. ನನ್ನಿಂದ ತಪ್ಪಾಯ್ತು ಅಕ್ಕ."